ಹರಿದ ಇಸಾರ

ಕನ್ನಡಕದ ಕಡ್ಡಿ ತಾನಾಗಿ ಮುರಿಯಿತೋ, ತಾನೇ ಮುರಿದೆನೋ ಎಂಬುದು ವಿರೂಪಾಕ್ಷಪ್ಪನಿಗೆ ಖಚಿತವಾಗಲಿಲ್ಲ. ಮುಖ ತೊಳೆದು, ಟವೆಲ್ಲಿನಿಂದ ಒರೆಸಿಕೊಂಡು, ದಿನಾ ಮಾಡುವಂತೆ ಕಡ್ಡಿ ಬಿಡಿಸಿ ಕಿವಿಗೆ ಏರಿಸುವಾಗ ಬಲಗೈ ತುಸು ಹೆಚ್ಚೇ ಹೊರಳಿತು. ಒಣ ಮೆಣಸಿನಕಾಯಿಯ ತೊಟ್ಟು ಕಿತ್ತಂಥ ಸಣ್ಣ ಸದ್ದು. ಕಡ್ಡಿ ಕೈಯಲ್ಲೇ ಉಳಿಯಿತು. ಅವನಿಗೆ ಮೊದಲು ಆದದ್ದು ಸಮಾಧಾನ. ಅರವತ್ಮೂರು ವರ್ಷದ ಮನುಷ್ಯ, ಓದು ಬರಹವನ್ನೇ ಹೊಟ್ಟೆಪಾಡು ಮಾಡಿಕೊಂಡವನು, ಕನ್ನಡಕ ಮುರಿದರೆ ಸಮಾಧಾನ ಯಾಕಾಗಬೇಕು ಎಂದು ಯೋಚಿಸುವಷ್ಟರಲ್ಲಿ ನಾಚಿಕೆಯಾಯಿತು. ಕನ್ನಡಿಯಲ್ಲಿ ತನ್ನ ಮುಖ ಮಸುಕಾಗಿ ಕಂಡಿತು. ಹಾಗೆ ಕಂಡದ್ದೇ ಒಳ್ಳೆಯದಾಯಿತು ಅನ್ನಿಸಿತು.

"ಏನಾತ್ರಿ?" ಅಡುಗೆಮನೆಯಿಂದ ಹೆಂಡತಿ ಶಾರದವ್ವ ಕೇಳಿದಳು.

"ಚಷ್ಮಾ ಮುರೀತು. ರಾಣೆಬೆನ್ನೂರಿಗೆ ಹೋಗಿ ಹಾಕಿಸ್ಕೊಂಡು ಬರ್ತೇನಿ."

"ಬ್ಯಾಡಗಿ ಪ್ಯಾಟ್ಯಾಗ ಚಷ್ಮಾದ ಅಂಗಡಿ ಇಲ್ಲೇನು? ಅಷ್ಟ ದೂರ ಯಾಕ?"

"ಅಲ್ಲೆ ಚೊಲೊ ಮಾಡ್ತಾರ."

ಶಾರದವ್ವ ಸೌಟು ಹಿಡಿದುಕೊಂಡೇ ಹೊರಗೆ ಬಂದು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. "ಇವತ್ತ ಹಾವೇರಿಗೆ ಹೋಗೂದಿತ್ತಲ್ಲ? ಆ ಸೈದಾಬಿ ಹೊಲದ ವಿಚಾರಣೆ ಅಂದಿದ್ರಿ."

"ಹೋಗ್ತೇನಂತ ಎಲ್ಲೆ ಅಂದಿದ್ದೆ? ನೋಡೂಣು ಅಂದಿದ್ದೆ."

"ನಲ್ವತ್ತು ವರ್ಷಾತು ನಿಮ್ಮ ನೋಡೂಣು ಕೇಳಾಕತ್ತು. ಈಗ ನೋಡಾಕ ಚಷ್ಮಾನೂ ಇಲ್ಲ. ಚೊಲೊನ ಆತು ಬಿಡ್ರಿ," ಎಂದು ಅವಳು ಒಳಗೆ ಹೋದಳು. ನಗಾಡಿದಳೋ, ಚುಚ್ಚಿದಳೋ ಅವನಿಗೆ ತಿಳಿಯಲಿಲ್ಲ. ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ಮುರಿದ ಕಡ್ಡಿಯನ್ನೂ ಕನ್ನಡಕವನ್ನೂ ಕರವಸ್ತ್ರದಲ್ಲಿ ಸುತ್ತಿ, ಅಂಗಿಯ ಕಿಸೆಯಲ್ಲಿ ಪೆನ್ನಿನ ಪಕ್ಕ ಇಟ್ಟುಕೊಂಡು, ಅವನು ಮನೆಯಿಂದ ಹೊರಬಿದ್ದ.

ಗುರುವಾರ, ಮೆಣಸಿನಕಾಯಿ ಪೇಟೆಯ ದಿನ. ಊರಿಗೆ ಊರೇ ಕೆಂಪು ಘಾಟಿನಲ್ಲಿ ಮುಳುಗಿತ್ತು. ಚೀಲ ಹೊತ್ತ ಲಾರಿಗಳು ಬೀದಿ ತುಂಬ ನಿಂತಿದ್ದವು. ಪರ ಊರಿನ ವ್ಯಾಪಾರಿಗಳು ಮೂಗಿಗೆ ಬಟ್ಟೆ ಹಿಡಿದು ಸೀನುತ್ತಿದ್ದರು. ಈ ಊರಲ್ಲೇ ಹುಟ್ಟಿದ ತನಗೆ ಎಂದೂ ಸೀನು ಬರುವುದಿಲ್ಲ ಎಂಬುದು ವಿರೂಪಾಕ್ಷಪ್ಪನಿಗೆ ಒಂದು ಬಗೆಯ ಹೆಮ್ಮೆ. ಒಂದು ಗೋದಾಮಿನ ಬಾಗಿಲಲ್ಲಿ ಹೆಂಗಸರು ಸಾಲಾಗಿ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಅವನು ಆ ಕಡೆ ನೋಡಲಿಲ್ಲ. ನೋಡಿದರೂ ಮಸುಕಿನಲ್ಲಿ ಯಾರ ಮುಖವೂ ಸಿಗುತ್ತಿರಲಿಲ್ಲ, ಆದರೂ ನೋಡಲಿಲ್ಲ.

ಇಂಥದೇ ಗೋದಾಮಿನಲ್ಲಿ ತೊಟ್ಟು ಬಿಡಿಸುವ ಸೈದಾಬಿ ಸೋಮವಾರದ ಪೇಟೆ ಮುಗಿದ ಹೊತ್ತಿಗೆ ಬಂದಿದ್ದಳು. ನೋಂದಣಿ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಅವನ ಮೇಜು. ಬಾಂಡ್ ರೈಟರ್ ವಿರೂಪಾಕ್ಷಪ್ಪ ಎಂದರೆ ಸುತ್ತಲಿನ ಹಳ್ಳಿಗಳಲ್ಲಿ ಕೇಳದವರಿಲ್ಲ. ಖರೀದಿ ಪತ್ರ, ಪಾಲಿನ ವಾಟ್ನಿ ಪತ್ರ, ದಾನದ ಬಕ್ಷೀಸು ಪತ್ರ, ಏನೇ ಇರಲಿ, ಅವನು ಬರೆದರೆ ಅದರಲ್ಲಿ ಕೋರ್ಟಿಗೂ ಸಂದು ಸಿಗುವುದಿಲ್ಲ ಎಂಬ ಮಾತಿತ್ತು. ಸೈದಾಬಿಯ ಹುಬ್ಬಿನ ಮೇಲೆ ಕೆಂಪು ಧೂಳು ಕೂತಿತ್ತು. ಕೈಯಲ್ಲಿ ಒಂದು ನೋಟೀಸು. ಹೊಸ ಬೈಪಾಸ್ ರಸ್ತೆಗೆ ಅವಳ ಇಪ್ಪತ್ತು ಗುಂಟೆಯಲ್ಲಿ ಹದಿನೆಂಟು ಗುಂಟೆ ಹೋಗುತ್ತದೆ, ಪರಿಹಾರದ ದರದ ಬಗ್ಗೆ ತಕರಾರಿದ್ದರೆ ಗುರುವಾರ ಹನ್ನೊಂದು ಗಂಟೆಗೆ ಹಾವೇರಿಯಲ್ಲಿ ದಾಖಲೆಗಳೊಂದಿಗೆ ಹಾಜರಾಗಬೇಕು ಎಂದು ಅವನು ಓದಿ ಹೇಳಿದ.

"ರಸ್ತೆ ಬ್ಯಾಡ ಅನ್ನಂಗಿಲ್ಲ ಅಣ್ಣಾರ. ಮಂದಿ ಓಡಾಡ್ಲಿ," ಅವಳು ಅಂದಳು. "ಆದ್ರ ನಾ ಕೊಟ್ಟಷ್ಟು ಹಿಡದರ ಲೆಕ್ಕಾ ಮಾಡಬೇಕಲ್ಲ? ನಾ ಕೊಟ್ಟಿದ್ದು ಒಂಬತ್ತು. ಅವರು ನಾಕ ಹಿಡದಾರಂತ."

"ಅವರು ಖರೀದಿ ಪತ್ರ ನೋಡ್ತಾರವಾ. ಅದರಾಗ ನಾಕ ಲಕ್ಷ ಐತಿ."

"ಅದಕ್ಕ ಬಂದೇನಿ. ಅದನ್ನ ಬರದವರು ನೀವು. ಖರೇ ಎಷ್ಟಂತ ನೀವ ಬಂದು ಹೇಳ್ರಿ."

"ನೋಡೂಣು," ಅಂದಿದ್ದ. ಆ ಮಾತು ಬಾಯಿಂದ ತಾನಾಗಿ ಬರುತ್ತದೆ. ಅದರಲ್ಲಿ ಹೂಂ ಇಲ್ಲ, ಊಹೂಂ ಇಲ್ಲ. ಕೇಳಿದವರು ತಮಗೆ ಬೇಕಾದ್ದನ್ನು ಅದರಲ್ಲಿ ತುಂಬಿಕೊಂಡು ಹೋಗುತ್ತಾರೆ. ಸೈದಾಬಿಯೂ ತುಂಬಿಕೊಂಡು ಹೋಗಿದ್ದಳು.

ಬಸ್ ನಿಲ್ದಾಣದಲ್ಲಿ ರಾಣೆಬೆನ್ನೂರಿನ ಬಸ್ಸು ಎಲ್ಲಿ ನಿಲ್ಲುತ್ತದೆಂದು ಅವನಿಗೆ ಗೊತ್ತಿತ್ತು, ಆದರೆ ಬೋರ್ಡು ಕಾಣುತ್ತಿರಲಿಲ್ಲ. ಪಕ್ಕದವರನ್ನು ಕೇಳಬೇಕೆಂದು ತಿರುಗಿದರೆ ಪಕ್ಕದಲ್ಲೇ ಸೈದಾಬಿ ನಿಂತಿದ್ದಳು. ಒಗೆದ ಸೀರೆ, ತಲೆಯ ಮೇಲೆ ಸೆರಗು, ಎದೆಗೆ ಅವುಚಿಕೊಂಡ ಪ್ಲಾಸ್ಟಿಕ್ ಚೀಲ.

"ಬಂದ್ರಲ್ಲ! ನನ್ನ ಮಗಳು ಕೈಸರ ಅಂದ್ಳು, ಅವರು ಬರಂಗಿಲ್ಲ ಬೇ, ಅಂಥಾ ಮಂದಿ ಬರಂಗಿಲ್ಲ ಅಂತ. ನಾ ಅಂದ್ನಿ, ನೋಡೂಣು ಅಂದಾರ, ಅಂದ ಮ್ಯಾಲ ಬರ್ತಾರ ಅಂತ." ಅವಳು ಅವನ ಮುಖವನ್ನೇ ನೋಡಿದಳು. "ಚಷ್ಮಾ ಎಲ್ಲೆ?"

"ಮುರೀತವಾ. ಅದಕ್ಕ..." ರಾಣೆಬೆನ್ನೂರಿಗೆ ಹೊರಟಿದ್ದೆ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಅಷ್ಟರಲ್ಲಿ ಹಾವೇರಿ ಹಾವೇರಿ ಎಂದು ಕೂಗುತ್ತ ಬಸ್ಸು ಬಂದು ನಿಂತಿತು. ಅವಳು ಮುಂದೆ ಹತ್ತಿ, ಒಳಗೆ ಎರಡು ಜಾಗ ಹಿಡಿದು, ಕಿಟಕಿಯಿಂದ ಕೈ ಮಾಡಿ ಕರೆದಳು. ಅವನು ಹತ್ತಿದ. ನಲವತ್ತು ವರ್ಷ ಬೇರೆಯವರ ಒಪ್ಪಿಗೆಯನ್ನು ಕಾಗದಕ್ಕೆ ಇಳಿಸಿದವನು ತನ್ನ ಒಪ್ಪಿಗೆ ಕೇಳದೇ ಬಸ್ಸು ಹತ್ತಿದಂತಾಯಿತು.

ಕಂಡಕ್ಟರ್ ಬಂದಾಗ ಅವಳು ಆಧಾರ್ ಕಾರ್ಡು ತೋರಿಸಿ ತನ್ನ ಸೊನ್ನೆ ಟಿಕೆಟು ತೆಗೆದುಕೊಂಡಳು. ವಿರೂಪಾಕ್ಷಪ್ಪ ಕಿಸೆಗೆ ಕೈ ಹಾಕುವ ಮೊದಲೇ ಸೆರಗಿನ ಗಂಟು ಬಿಚ್ಚಿ ಅವನ ಟಿಕೆಟಿನ ದುಡ್ಡನ್ನೂ ಕೊಟ್ಟಳು.

"ಏ, ಬ್ಯಾಡವಾ, ಇದೇನಿದು!"

"ನಂದು ಪುಕ್ಕಟ ಐತಿ. ನಿಮ್ದ ತಗಿಸಿದ್ರ ನನಗೇನು ಕಡಿಮಿ ಆಕೈತಿ? ನನ್ನ ಕೆಲಸಕ್ಕ ಬಂದೀರಿ."

ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಇವತ್ತು ಪೇಟೆಯ ದಿನ, ಕೂಲಿ ಬಿಟ್ಟು ಬಂದಿದ್ದಾಳೆ ಎಂದು ಅವನಿಗೆ ಆಗ ಹೊಳೆಯಿತು. ಅವನು ಟಿಕೆಟನ್ನು ಮಡಚಿ ಮಡಚಿ ಹಿಡಿದುಕೊಂಡ.

ಊರು ದಾಟಿ ಮೋಟೆಬೆನ್ನೂರಿನ ದಾರಿ ಹಿಡಿದಾಗ ಅವಳು ಕಿಟಕಿಯಿಂದ ಬೆರಳು ತೋರಿಸಿದಳು. "ಅಕಾ, ನನ್ನ ಹೊಲ." ಅವನಿಗೆ ಒಂದು ಕೆಂಪು ಮಸುಕು ಕಂಡಿತು, ಅಷ್ಟೆ. ಗಿಡದಲ್ಲಿ ಹಣ್ಣಾದ ಕಾಯಿ ಇರಬೇಕು. ಮೂವತ್ತು ವರ್ಷ ಬೇರೆಯವರ ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸಿದವಳು, ಒಂದು ಸಲವಾದರೂ ತನ್ನ ಕಾಯಿಯ ತೊಟ್ಟನ್ನು ತಾನೇ ಬಿಡಿಸಬೇಕೆಂದು ಹೊಲ ತೆಗೆದುಕೊಂಡವಳು. ಹಾಗೆಂದು ಅವಳೇ ಹೇಳಿದ್ದಳು, ಮೂರು ವರ್ಷದ ಹಿಂದೆ, ಬೇವಿನ ಮರದ ಕೆಳಗೆ, ಯಾರೂ ಕೇಳದೇ ಇದ್ದರೂ. ಗಂಡ ಹೋದ ಮೇಲೆ ಮಾರಿದ ಸೈಕಲ್ ಅಂಗಡಿಯ ದುಡ್ಡು, ಎರಡು ಬಳೆ, ಉಳಿದದ್ದೆಲ್ಲ ತೊಟ್ಟು ಬಿಡಿಸಿದ್ದು. ಹೊಲ ಮಾರಿದವನು ಮಲ್ಲೇಶಪ್ಪ. ಅವನ ನಾಲ್ಕು ಎಕರೆಯ ಅಂಚಿನ ಅರ್ಧ ಎಕರೆ.

ಈ ಸೀಮೆಯಲ್ಲಿ ಹೊಲಕ್ಕೆ ಎರಡು ರೇಟು. ಒಂದು ಬಾಯಿ ರೇಟು, ಒಂದು ಕಾಗದದ ರೇಟು. ಕೊಂಡವರು ಖರೇ ಕೊಟ್ಟ ದುಡ್ಡನ್ನು ಇಸಾರ ಪತ್ರದಲ್ಲಿ ಬರೆಯುತ್ತಾರೆ. ಅದು ಮುಂಗಡ ಕೊಟ್ಟ ದಿನ ಮಾಡಿಕೊಳ್ಳುವ ಒಪ್ಪಂದ. ಆಮೇಲೆ ಖರೀದಿ ಪತ್ರದಲ್ಲಿ ಮುದ್ರಾಂಕದ ಖರ್ಚು ಉಳಿಯಲೆಂದು ಸರ್ಕಾರ ಒಪ್ಪುವ ಅತಿ ಕಡಿಮೆ ದರ ಹಾಕುತ್ತಾರೆ. ನೋಂದಣಿ ಮುಗಿದು, ಬಾಕಿ ದುಡ್ಡು ಕೈಯಿಂದ ಕೈಗೆ ಹೋದ ಮೇಲೆ, ಬರೆದವನೇ ಆ ಇಸಾರವನ್ನು ಎರಡೂ ಕಡೆಯವರ ಎದುರಿಗೆ ಹರಿದು ಹಾಕಬೇಕು. ಅದು ಪದ್ಧತಿ. ಹರಿದ ಮೇಲೆ ಚಹಾ. ವಿರೂಪಾಕ್ಷಪ್ಪ ನಾಲ್ಕು ತುಂಡು ಮಾಡುತ್ತಿದ್ದ, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಈಗ ಖರೀದಿ ಪತ್ರವನ್ನೆಲ್ಲ ಕಂಪ್ಯೂಟರಿನಲ್ಲಿ ಹೊಡೆಸುತ್ತಾರೆ. ಇಸಾರ ಮಾತ್ರ ಅವನ ಕೈಬರಹದಲ್ಲೇ ಉಳಿದಿತ್ತು. ಹರಿಯುವ ಕಾಗದಕ್ಕೆ ಕಂಪ್ಯೂಟರ್ ಯಾತಕ್ಕೆ? ಅದರ ಕೆಳಗೆ ಬರೆದವರ ಹೆಸರನ್ನು ಅವನು ಎಂದೂ ಹಾಕುತ್ತಿರಲಿಲ್ಲ. ತನ್ನ ಮುತ್ತಿನಂಥ ಅಕ್ಷರ ಕೊನೆಗೆ ಹರಿಯುವ ಕಾಗದದಲ್ಲಷ್ಟೇ ಉಳಿಯಿತಲ್ಲ ಎಂದು ಒಮ್ಮೊಮ್ಮೆ ಬೇಸರವಾಗುತ್ತಿತ್ತು.

"ಕೊಟ್ಟಿದ್ದು ಕೊಟ್ಟಂಗ ಬರೀರಿ ಅಣ್ಣಾರ," ಎಂದಿದ್ದಳು ಸೈದಾಬಿ, ಖರೀದಿಯ ದಿನ.

"ಹಂಗ ಬರದ್ರ ಸರ್ಕಾರಕ್ಕ ಎಷ್ಟ ಕಟ್ಟಬೇಕು ಗೊತ್ತೈತೇನು?"

"ಕಟ್ಟೂಣು. ಕದ್ದದ್ದಲ್ಲ, ತೊಟ್ಟು ಬಿಡಿಸಿ ಕೂಡಿಸಿದ್ದು. ಕಾಗದದಾಗ ಪೂರಾ ಇರ್ಲಿ."

ಅವನು ಪೆನ್ನು ಕೆಳಗಿಟ್ಟು ಸುತ್ತಲಿನ ಮಂದಿಗೆಲ್ಲ ಕೇಳಿಸುವಂತೆ ಅಂದಿದ್ದ: "ಕೇಳಿದ್ರೇನೊ? ಸೈದಾಬಿ ಇನ್ನ ಸರ್ಕಾರಾನ ಸಾಕತಾಳಂತ!" ಮರದ ಕೆಳಗಿನ ಮಂದಿಯೆಲ್ಲ ನಕ್ಕರು. ಮಲ್ಲೇಶಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕದ್ದು ತಪ್ಪೆಂದು ವಿರೂಪಾಕ್ಷಪ್ಪನಿಗೆ ಆಗ ಅನ್ನಿಸಲೇ ಇಲ್ಲ. ಅವಳ ದುಡ್ಡು ಉಳಿಸುತ್ತಿದ್ದೇನೆ, ತಿಳಿಯದವಳಿಗೆ ತಿಳಿಸುತ್ತಿದ್ದೇನೆ ಎಂಬ ಭಾವನೆಯೇ ಇತ್ತು. ಈಗ ನೆನಪಿಗೆ ಬಂದು ಕಾಡುವುದು ಆ ನಗು ಅಲ್ಲ. ಎಲ್ಲರೂ ನಗುವುದನ್ನು ಒಂದು ಗಳಿಗೆ ನೋಡಿ, ಆಮೇಲೆ ಸೆರಗು ಬಾಯಿಗೆ ಹಿಡಿದು, ಅವಳೂ ನಕ್ಕಳಲ್ಲ, ಅದು. ನಕ್ಕು ಮುಗಿದ ಮೇಲೆ ಮೆಲ್ಲಗೆ ಇನ್ನೊಮ್ಮೆ ಅಂದಿದ್ದಳು: "ಆದ್ರೂ ಪೂರಾ ಬರದ್ರ ಚೊಲೊ ಇತ್ತು." ಆ ಮಾತು ಅವನಿಗೆ ಚೆನ್ನಾಗಿ ಕೇಳಿಸಿತ್ತು. ಕೇಳಿಸದವನಂತೆ ಕಂಪ್ಯೂಟರಿನವನಿಗೆ ನಾಲ್ಕು ಲಕ್ಷ ಎಂದು ಹೇಳಿ ಬರೆಸಿದ್ದ.

ನೋಂದಣಿಯಲ್ಲಿ ಅವಳ ಹೆಬ್ಬೆರಳನ್ನು ಯಂತ್ರ ಹಿಡಿಯಲಿಲ್ಲ. ಒರೆಸಿ ಇಟ್ಟಳು, ಒತ್ತಿ ಇಟ್ಟಳು. ಮೆಣಸಿನಕಾಯಿಯ ಖಾರಕ್ಕೆ ಬೆರಳಿನ ಗೆರೆಗಳೆಲ್ಲ ಸವೆದು ಹೋಗಿದ್ದವು. ಕೊನೆಗೆ ಎಡಗೈಯ ಕಿರುಬೆರಳು ಹಿಡಿಯಿತು. "ಏನಬೇ, ಮನಷ್ಯಾಳ ಹೌದೋ ಅಲ್ಲೋ ನೀ?" ಎಂದು ಅದಕ್ಕೂ ಅವನೇ ನಗಾಡಿದ್ದ. ಹೊರಗೆ ಬಂದು ಇಸಾರವನ್ನು ನಾಲ್ಕು ತುಂಡು ಮಾಡಿ ಚೆಲ್ಲಿ, ಚಹಾಕ್ಕೆ ಹೊರಟಾಗ ಅವಳು ಕುಕ್ಕರಗಾಲಲ್ಲಿ ಕುಳಿತು ಆ ತುಂಡುಗಳನ್ನು ಆರಿಸುತ್ತಿದ್ದಳು. "ಕಸಾ ಆಕೈತಿ," ಅಂದಿದ್ದಳು. ಕಸ ಬಳಿಯುವ ಹೆಂಗಸರ ರೂಢಿ ಎಂದುಕೊಂಡು ಅವನು ಮುಂದೆ ಹೋಗಿದ್ದ.

ಹಾವೇರಿಯ ಕಚೇರಿಯ ಜಗಲಿಯಲ್ಲಿ ಹನ್ನೊಂದು ಹೊಲದ ಮಂದಿ ಕಾಯುತ್ತಿದ್ದರು. ಮಲ್ಲೇಶಪ್ಪನೂ ಇದ್ದ. ಅವನ ಉಳಿದ ಹೊಲದ ನಡುವೆಯೇ ರಸ್ತೆ ಹಾಯುತ್ತಿತ್ತು. ಎಲ್ಲರ ಬಾಯಲ್ಲೂ ಒಂದೇ ಮಾತು. ಎಕರೆಗೆ ಹದಿನೆಂಟು ಲಕ್ಷ, ಎಕರೆಗೆ ಇಪ್ಪತ್ತು. ಎಲ್ಲರ ಕೈಯಲ್ಲಿದ್ದ ಕಾಗದದಲ್ಲಿ ಎಂಟು. ಆ ಕಾಗದಗಳಲ್ಲಿ ಮುಕ್ಕಾಲು ಪಾಲು ವಿರೂಪಾಕ್ಷಪ್ಪ ಬರೆಸಿದ್ದು. "ಬರ್ರಿ ಬರ್ರಿ, ನಮ್ಮ ಬ್ರಹ್ಮ ಬಂದ, ಹಣೇಬರಹ ಬರದಾವ," ಎಂದು ಮಲ್ಲೇಶಪ್ಪ ಜಾಗ ಸರಿಸಿ ಕೂರಿಸಿಕೊಂಡು ಕಿವಿಯಲ್ಲಿ ಕೇಳಿದ: "ಆಕಿ ಸಂಗಾಟ ಬಂದೀರಲ್ಲ, ಏನ ವಿಚಾರ?"

"ಏನಿಲ್ಲ. ಬಸ್ಸಿನ್ಯಾಗ ಸಿಕ್ಕಳು."

"ನೋಡ್ರಿ ಮತ್ತ. ನಿಮ್ಮ ಲೈಸನ್ಸ್ ಐತಿ. ಕಾಗದದಾಗ ಇಲ್ಲದ ನನ್ನ ಐದ ಲಕ್ಷ ಎಲ್ಲೆ ಹೋತಂತ ಕೇಳಿದ್ರ ನಾ ಏನ ಹೇಳ್ಲಿ? ಒಂದ ಎಳಿ ಜಗ್ಗಿದ್ರ ಪೂರಾ ಚೀಲಾನ ಬಿಚ್ಚತೈತಿ."

ಅದು ವಿರೂಪಾಕ್ಷಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಸೋಮವಾರದಿಂದ ಅದನ್ನೇ ಎಣಿಸಿದ್ದ. ಒಂದು ಕಾಗದ ಸುಳ್ಳೆಂದು ಒಪ್ಪಿಕೊಂಡರೆ ಉಳಿದ ಸಾವಿರ ಕಾಗದಗಳನ್ನು ಯಾರು ಬೇಕಾದರೂ ತೆಗೆಸಿ ನೋಡಬಹುದು. ಕಡಿಮೆ ಕಟ್ಟಿದ ಮುದ್ರಾಂಕಕ್ಕೆ ದಂಡ ಬೀಳುತ್ತದೆ. ಬೇವಿನ ಮರದ ಕೆಳಗಿನ ಮೇಜು ಹೋಗುತ್ತದೆ. ದಾರಿಯಲ್ಲಿ ಎದುರಾದವರು ಇವನೇ ನಮ್ಮನ್ನು ಸಿಕ್ಕಿಸಿದವನು ಅನ್ನುತ್ತಾರೆ. ಆದರೆ ಇನ್ನೊಂದನ್ನೂ ಅವನು ಎಣಿಸಿದ್ದ, ಎಣಿಸಬಾರದೆಂದರೂ ಅದು ಬಂದು ಕೂರುತ್ತಿತ್ತು. ಆ ಸಾಲಿನಲ್ಲಿ ಈಚೆಗೆ ಮಾರಾಟವಾದ ಹೊಲಗಳಲ್ಲಿ ಅವಳದೊಂದನ್ನು ಪೂರಾ ಬರೆದಿದ್ದರೆ, ಆ ಒಂದು ಕಾಗದವನ್ನು ಆಧಾರ ಹಿಡಿದು ಹನ್ನೊಂದು ಹೊಲದವರೂ ಕೇಳಬಹುದಿತ್ತು. ಬರೆಯಿರಿ ಎಂದು ಕೇಳಿದವಳು ಒಬ್ಬಳೇ. ಅವಳನ್ನು ನೋಡಿ ನಕ್ಕವರೆಲ್ಲ ಈಗ ಈ ಜಗಲಿಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರು.

ಅಧಿಕಾರಿ ಸುಮಾರು ನಲವತ್ತರ ಹೆಣ್ಣುಮಗಳು. ಗದರುವವಳಲ್ಲ. ಮಲ್ಲೇಶಪ್ಪನಿಗೆ ಅವಳು ಹೇಳುತ್ತಿದ್ದದ್ದು ಹೊರಗೂ ಕೇಳಿಸುತ್ತಿತ್ತು: "ಇಪ್ಪತ್ತು ಬಾಳ್ತದ ಅಂತೀರಿ. ಮೂರು ವರ್ಷದ ಹಿಂದ ಪಕ್ಕದ ತುಂಡು ನೀವೇ ಮಾರಿದ್ದು ಎಂಟರಂಗ ಐತಿ. ಕಾನೂನು ಎಷ್ಟ ಪಟ್ಟು ಕೊಡು ಅಂತದೋ ಅಷ್ಟ ಪಟ್ಟು ನಾವು ಕೊಡ್ತೇವಿ, ಆದರ ಬುಡದ ರೇಟು ಕಾಗದದ್ದ ಹಿಡೀಬೇಕಲ್ರಿ. ಬಾಯಿ ಮಾತು ಹಿಡಿಯಾಕ ಬರೂದಿಲ್ಲ." ಮಲ್ಲೇಶಪ್ಪ ಕೆಮ್ಮಿದ್ದು ಕೇಳಿಸಿತು.

ಆಮೇಲೆ ಸೈದಾಬಿಯನ್ನು ಕರೆದರು. ಅವಳು ವಿರೂಪಾಕ್ಷಪ್ಪನ ಕಡೆ ತಿರುಗಿ, "ಬರ್ರಿ ಅಣ್ಣಾರ," ಅಂದಳು. ಒಳಗೆ ಮಲ್ಲೇಶಪ್ಪ ಇನ್ನೂ ಕುಳಿತೇ ಇದ್ದ. ಸೈದಾಬಿ ಪ್ಲಾಸ್ಟಿಕ್ ಚೀಲದಿಂದ ಒಂದು ಹಳೆಯ ಕ್ಯಾಲೆಂಡರಿನ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿದಳು. ಅದರ ಹಿಂಬದಿಗೆ ಗಂಜಿ ಹಚ್ಚಿ ಅಂಟಿಸಿದ ನಾಲ್ಕು ತುಂಡು ಕಾಗದ. ತುಂಡುಗಳು ಕೂಡಿದಲ್ಲಿ ಬಿಳಿ ಗೆರೆ, ಉದ್ದಕ್ಕೊಂದು, ಅಡ್ಡಕ್ಕೊಂದು. ಕನ್ನಡಕವಿಲ್ಲದೆಯೂ ವಿರೂಪಾಕ್ಷಪ್ಪನಿಗೆ ಅದು ಏನೆಂದು ತಿಳಿಯಿತು. ಕಸ ಆಗುತ್ತದೆ ಎಂದು ಆರಿಸಿದ್ದಲ್ಲ ಅದು.

"ಇದು ಹರಿದ ಕಾಗದ," ಅಧಿಕಾರಿ ಬಾಗಿ ನೋಡಿದಳು. "ಒಂಬತ್ತು ಲಕ್ಷ ಐತಿ. ಮಲ್ಲೇಶಪ್ಪನವರ, ಈ ಸಹಿ ನಿಮ್ಮದೇನು?"

"ಇಂಥಾ ಸಹಿ ಯಾರ ಬೇಕಾದ್ರೂ ಮಾಡ್ತಾರ್ರಿ ಮೇಡಂ," ಮಲ್ಲೇಶಪ್ಪ ಚಾವಣಿ ನೋಡುತ್ತ ಅಂದ. ಆ ಸಹಿಯನ್ನು ಒಪ್ಪಿದರೆ ಅವನ ಹೊಲದ ರೇಟೂ ಏರುತ್ತಿತ್ತು. ಅಂಜಿಕೆ ಅವನಿಗೆ ಆ ಲೆಕ್ಕವನ್ನೂ ಮರೆಸಿತ್ತು.

"ಸಾಕ್ಷಿ ಹಾಕಿದವರು?"

"ಒಬ್ರು ತೀರಿಕೊಂಡ್ರು. ಒಬ್ರು ಈ ಮಲ್ಲೇಶಪ್ಪನವರ ಬೀಗರು," ಸೈದಾಬಿ ಹೇಳಿದಳು. "ನನ್ನ ಹೆಬ್ಬಟ್ಟು ಐತ್ರಿ."

ಅಧಿಕಾರಿ ಆ ಹೆಬ್ಬಟ್ಟಿನ ಮೇಲೆ ಬೆರಳಿಟ್ಟಳು. ಗೆರೆಯಿಲ್ಲದ ಒಂದು ನೀಲಿ ಮಚ್ಚೆ. ಯಾರದೂ ಆಗಬಹುದಿತ್ತು. "ಇದರಿಂದ ಏನೂ ಗೊತ್ತಾಗೂದಿಲ್ಲ ಅಮ್ಮಾ. ಬರದವರು ಯಾರು?"

"ಇವರ."

ಎಲ್ಲರೂ ವಿರೂಪಾಕ್ಷಪ್ಪನ ಕಡೆ ನೋಡಿದರು. ಅಧಿಕಾರಿ ನಿಧಾನವಾಗಿ, ಒಬ್ಬ ಮೇಷ್ಟ್ರು ಹುಡುಗನಿಗೆ ಹೇಳಿದಷ್ಟು ಸಮಾಧಾನದಿಂದ ಹೇಳಿದಳು: "ನೋಡ್ರಿ ಯಜಮಾನರ, ನಾ ಇವತ್ತ ರೇಟು ಬದಲು ಮಾಡ್ತೇನಂತ ಹೇಳಾಂಗಿಲ್ಲ. ಆದರ ಇದು ನನ್ನ ಅಕ್ಷರ ಅಂತ ನೀವು ಹೇಳಿಕೆ ಕೊಟ್ರ ಫೈಲಿಗೆ ಸೇರಿಸ್ತೇನಿ. ಈ ಅಮ್ಮ ಮುಂದ ಹೆಚ್ಚಿನ ಪರಿಹಾರ ಕೇಳಾಕ ಹೋದಾಗ ಅದು ಆಧಾರ ಆಗ್ತದ. ಇಷ್ಟ ಹೇಳ್ರಿ, ಇದು ನಿಮ್ಮ ಅಕ್ಷರ ಹೌದೋ, ಅಲ್ಲೋ?"

"ಚಷ್ಮಾ ಮುರದೈತ್ರಿ ಮೇಡಂ. ಕಾಣವಲ್ದು," ಅಂದ. ಕಿಸೆಯಿಂದ ಕರವಸ್ತ್ರದ ಗಂಟು ತೆಗೆದು, ಬಿಚ್ಚಿ, ಮುರಿದ ಕಡ್ಡಿಯನ್ನು ಎತ್ತಿ ತೋರಿಸಿದ. ತೋರಿಸುವಾಗಲೇ ಬೆಳಿಗ್ಗೆಯ ಆ ಸಮಾಧಾನ ಎಲ್ಲಿಂದ ಬಂದಿತ್ತೆಂದು ಅವನಿಗೆ ತಿಳಿದುಹೋಯಿತು.

ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ವಯಸ್ಸಾದ ಗುಮಾಸ್ತ ತನ್ನ ಕನ್ನಡಕ ತೆಗೆದು, ಅಂಗಿಯ ತುದಿಗೆ ಒರೆಸಿ, ಮುಂದೆ ಹಿಡಿದ. "ನಂದ ಹಾಕ್ಕೊಂಡು ನೋಡ್ರಿ. ನಮ್ಮ ವಯಸ್ಸಿನವ್ರದ್ದೆಲ್ಲಾ ನಂಬರ ಒಂದ ಇರ್ತೈತಿ."

ಬೇರೆಯವರ ಬೆವರಿನ ಜಿಡ್ಡಿದ್ದ ಕನ್ನಡಕ ಮೂಗಿನ ಮೇಲೆ ಕೂತಿತು. ಅಕ್ಷರಗಳು ಒಮ್ಮೆಲೇ ಎದ್ದು ನಿಂತವು. ಹಾಳೆಯ ಉದ್ದಕ್ಕೂ ದಾರದಲ್ಲಿ ಪೋಣಿಸಿದಂತೆ ಓಡುವ ಸಾಲು. ಬಾಲ ತುಸು ಎಳೆದು ಬಿಡುವ ಳಕಾರ. ಯಾರೂ ತಿದ್ದಬಾರದೆಂದು ಅಂಕಿಯ ಮುಂದೆ ಹಾಕುವ ಎರಡು ಅಡ್ಡಗೆರೆ. "ಅಕ್ಷರದಲ್ಲಿ ಒಂಬತ್ತು ಲಕ್ಷ ರೂಪಾಯಿ ಮಾತ್ರ." ಲಕ್ಷ ಎಂಬಲ್ಲಿಯ ಕ್ಷಕಾರವನ್ನು ಅವನು ಬರೆಯುವ ಹಾಗೆ ಈ ಜಿಲ್ಲೆಯಲ್ಲೇ ಇನ್ನೊಬ್ಬರು ಬರೆಯುವುದಿಲ್ಲ ಎಂದು ತಾನೇ ಎಷ್ಟು ಸಲ, ಎಷ್ಟು ಮಂದಿಯ ಮುಂದೆ ಹೇಳಿಕೊಂಡಿದ್ದ. ತನ್ನ ಮಗನ ಮುಖ ಸಂತೆಯಲ್ಲಿ ಸಿಕ್ಕಂತೆ ಆ ಅಕ್ಷರಗಳು ಅವನನ್ನು ನೋಡಿದವು. ಫ್ಯಾನಿನ ಗಾಳಿಗೆ ಹಾಳೆಯ ಮೂಲೆ ಏಳುತ್ತಿತ್ತು. ಸೈದಾಬಿ ಅದನ್ನು ಬೆರಳಿನಿಂದ ಒತ್ತಿ ಹಿಡಿದಿದ್ದಳು, ಅವನಿಗೆ ಓದಲು ತೊಂದರೆ ಆಗಬಾರದೆಂದು.

"ಹೇಳಾಕ ಬರೂದಿಲ್ರಿ," ಅವನು ಅಂದ. "ನಮ್ಮ ಕಡೆ ಹಿಂಗ ಬರಿಯೋರು ಭಾಳ ಮಂದಿ ಅದಾರ."

ಗುಮಾಸ್ತ ಕನ್ನಡಕಕ್ಕಾಗಿ ಕೈ ಚಾಚಿದ. ಮಲ್ಲೇಶಪ್ಪ ಉಸಿರು ಬಿಟ್ಟ. ಅಧಿಕಾರಿ ವಿರೂಪಾಕ್ಷಪ್ಪನನ್ನು ನೋಡಿ, ಏನೋ ಬರೆದುಕೊಂಡು, ದರ ಒಪ್ಪಿಗೆಯಿಲ್ಲವೆಂದು ಬರೆಸಿ ಗೆರೆ ಮೂಡುವ ಬೆರಳಿನ ಗುರುತು ಹಾಕಿರಿ, ಮುಂದೆ ಆದೇಶ ಬಂದ ಮೇಲೆ ವಾಯಿದೆಯೊಳಗೆ ಮೇಲರ್ಜಿ ಕೊಡುವ ಹಕ್ಕು ನಿಮಗಿದೆ ಎಂದು ಸೈದಾಬಿಗೆ ಎರಡು ಸಲ ಬಿಡಿಸಿ ಹೇಳಿದಳು. ಸೈದಾಬಿ ಎರಡು ಸಲವೂ ತಲೆಯಾಡಿಸಿದಳು. ಹಾಳೆಯನ್ನು ಮೊದಲಿನ ಮಡಿಕೆಗೇ ಮಡಚಿ ಚೀಲದಲ್ಲಿಟ್ಟಳು.

ಅವಳು ಬೈಯಬಹುದೆಂದು, ಅಳಬಹುದೆಂದು, ಕಡೆಗೆ ಬೇರೆ ಬಸ್ಸಿಗೆ ಹೋಗಬಹುದೆಂದು ಅವನು ಕಾದ. ಅವಳು ನಿಲ್ದಾಣದಲ್ಲಿ ಎರಡು ಮಿರ್ಚಿಭಜಿ ಕೊಂಡು ಒಂದನ್ನು ಅವನಿಗೆ ಕೊಟ್ಟಳು. "ತಿನ್ರಿ. ಮುಂಜಾನಿಂದ ಉಂಡಿಲ್ಲ ನೀವು, ಮಾರಿ ಬಾಡೈತಿ." ಬಿಸಿ ಭಜಿ ಕೈ ಸುಡುತ್ತಿತ್ತು. ತಿರುಗಿ ಬರುವ ಬಸ್ಸಿನಲ್ಲಿ ಈ ಸಲ ಅವನು ಅವಸರವಸರವಾಗಿ ತಾನೇ ಟಿಕೆಟು ತೆಗೆದುಕೊಂಡ. ಅವಳು ಬೇಡ ಅನ್ನಲಿಲ್ಲ. ಅಷ್ಟೇ ಬದಲಾದದ್ದು.

ಬಸ್ಸು ನೆಲೋಗಲ್ಲು ದಾಟಿತು. ಆಮೇಲೆ ಅವಳು, ಅವನ ಕಡೆ ತಿರುಗದೆ, ಎದುರಿನ ಸೀಟಿನ ಬೆನ್ನಿಗೆ ಹೇಳುವಂತೆ ಅಂದಳು: "ಆವತ್ತ ಎರಡನೇ ಸಲಾ ನಾ ಭಾಳ ಮೆಲ್ಲಕ ಅಂದ್ನೇನೊ. ಪೂರಾ ಬರೀರಿ ಅಂತ. ಗಟ್ಟಿ ಅನ್ನಬೇಕಿತ್ತು. ಮಂದಿ ನಕ್ಕರಲ್ಲ, ನಾಚಿಕಿ ಬಂತು ನನಗ. ತಪ್ಪ ನಂದ."

"ಇಲ್ಲವಾ," ಅವನು ಅಂದ. "ನನಗ ಕೇಳಿಸಿತ್ತು."

ಅವಳು ಈಗ ತಿರುಗಿ ನೋಡಿದಳು. ಸಿಟ್ಟಿನಿಂದಲ್ಲ. ರಾಶಿಯಲ್ಲಿ ಒಂದು ಕಾಯಿಯನ್ನು ಎತ್ತಿ, ಒಳಗೆ ಕೊಳೆತಿದೆಯೋ ಇಲ್ಲವೋ ಎಂದು ಹಿಚುಕಿ ನೋಡುವವರ ನೋಟ. "ಕೊಡ್ರಿ ಇಲ್ಲೆ ಆ ಚಷ್ಮಾ," ಅಂದಳು. ಚೀಲದ ತಳದಿಂದ ದಪ್ಪ ಸೂಜಿ ಚುಚ್ಚಿದ್ದ ದಾರದ ಉಂಡೆ ತೆಗೆದಳು. ಮೆಣಸಿನಕಾಯಿಯ ಚೀಲದ ಬಾಯಿ ಹೊಲಿಯುವ ದಾರ. ಕಡ್ಡಿಯನ್ನು ಜೋಡಿಸಿ, ಸುತ್ತಿ ಸುತ್ತಿ, ಹಲ್ಲಿನಿಂದ ಗಂಟು ಬಿಗಿದು, ತುದಿ ಕಡಿದು, ಕನ್ನಡಕವನ್ನು ಅವನ ಕೈಗಿಟ್ಟಳು. ಆಮೇಲೆ ಆ ಕ್ಯಾಲೆಂಡರಿನ ಹಾಳೆಯನ್ನು ಬಿಡಿಸಿ ಅವನ ತೊಡೆಯ ಮೇಲೆ ಹಾಸಿದಳು.

"ಓದ್ರಿ ಈಗ. ಮೂರು ವರ್ಷ ಇಟ್ಕೊಂಡೇನಿ. ನನಗ ಓದಾಕ ಬರಂಗಿಲ್ಲ, ಒಂಬತ್ತು ಅನ್ನೂದೊಂದ ಗುರ್ತು. ಪೂರಾ ಏನ ಬರದೀರಿ ಅಂತ ನಾನರ ಕೇಳ್ಬೇಕಲ್ಲ."

ಅವನು ಕನ್ನಡಕ ಏರಿಸಿದ. ದಾರದ ಖಾರ ಕಣತಲೆಗೆ ಚುರುಗುಟ್ಟಿತು, ಬೆರಳಿನಿಂದ ಕಣ್ಣಿಗೂ ಹತ್ತಿತು. ನೀರು ಬರತೊಡಗಿತು. ಓದಿದ. ಊರು, ಸರ್ವೆ ನಂಬರು, ಚಕ್ಕುಬಂದಿ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೂ ದಕ್ಷಿಣಕ್ಕೂ ಮಾರುವವರ ಸ್ವಂತ ಜಮೀನು. ಸದರಿ ಇಪ್ಪತ್ತು ಗುಂಟೆಯನ್ನು ಒಂಬತ್ತು ಲಕ್ಷ ರೂಪಾಯಿಗೆ ಕೊಡುವುದಾಗಿ, ಕೊಳ್ಳುವುದಾಗಿ, ಯಾರ ಒತ್ತಾಯವೂ ಇಲ್ಲದೆ, ಖುಷಿಯಿಂದ. ಮುಂದಿನ ಸೀಟಿನವರು ತಿರುಗಿ ನೋಡಿದರು. ಅವನ ದನಿ ತಾನಾಗಿ, ನಲವತ್ತು ವರ್ಷದ ರೂಢಿಯಿಂದ, ಪಕ್ಷಗಾರರಿಗೆ ಓದಿ ಹೇಳುವ ದನಿಯಾಗಿತ್ತು. ಸೈದಾಬಿ ಕಣ್ಣು ಮುಚ್ಚಿಕೊಂಡು ಕೇಳಿದಳು.

"ಚಂದ ಬರದೀರಿ," ಅಂದಳು. "ಕೆಳಗ?"

"ಸಾಕ್ಷಿದಾರರು."

"ಅದರ ಕೆಳಗ?"

"ಏನಿಲ್ಲ. ಖಾಲಿ ಐತಿ."

"ಬರದವರು ಯಾರಂತ ಇಲ್ಲೇನು?" ಅವಳು ಆ ಖಾಲಿ ಜಾಗವನ್ನು ನೋಡಿದಳು, ಆಮೇಲೆ ಅವನ ಕಿಸೆಯನ್ನು. "ಪೆನ್ನ ಐತಲ್ಲ."

ಅವನ ಕೈ ಕಿಸೆಯವರೆಗೆ ಹೋಯಿತು. ಪೆನ್ನಿನ ಟೊಪ್ಪಿಗೆಯನ್ನು ಮುಟ್ಟಿತು. ಬಸ್ಸು ಮೋಟೆಬೆನ್ನೂರಿನ ತಿರುವು ಹೊರಳಿ ಬ್ಯಾಡಗಿಯ ದಾರಿಗೆ ಬಂದಿತ್ತು. "ಈಗ ಬರದ್ರ ನಡಿಯೂದಿಲ್ಲವಾ," ಅವನು ಅಂದ. "ತಾರೀಖು ತಪ್ಪತೈತಿ." ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವನು ಜೀವಮಾನದಲ್ಲಿ ಹೇಳಿದ್ದರಲ್ಲಿ ಹೆಚ್ಚಿನವು ಹಾಗೇ, ಸುಳ್ಳಲ್ಲದ ಮಾತುಗಳು.

ಅವಳು ಹಾಳೆಯನ್ನು ಅವನ ತೊಡೆಯ ಮೇಲಿಂದ ಎತ್ತಿಕೊಂಡಳು. ಮರೆಯದೆ, ಅವಸರಪಡದೆ, ಬೇರೆಯವರ ಮನೆಯಲ್ಲಿಟ್ಟ ತನ್ನ ಪಾತ್ರೆಯನ್ನು ತಿರುಗಿ ತೆಗೆದುಕೊಂಡಂತೆ. ಮಡಚಿ ಚೀಲದಲ್ಲಿಟ್ಟು ಎದ್ದು ನಿಂತು, "ಇಲ್ಲೆ ಇಳಿಸ್ರಿ, ಹೊಲದಾಗ ಕಾಯಿ ಅದಾವ, ರಸ್ತೆ ಬರೂದರೊಳಗ ಬಿಡಿಸ್ಕೋಬೇಕು," ಎಂದು ಕಂಡಕ್ಟರನಿಗೆ ಕೂಗಿದಳು. ಆಮೇಲೆ ಬಾಗಿ ಅವನಿಗೆ ಅಂದಳು: "ಮ್ಯಾಲಿನ ಅರ್ಜಿ ಹಾಕ್ತೇನಿ ಅಣ್ಣಾರ. ಅಲ್ಲೂ ನಿಮ್ಮನ್ನ ಕರೀತಾರ. ಚಷ್ಮಾ ಗಟ್ಟಿ ಕಟ್ಟೇನಿ, ಮುರಿಯಂಗಿಲ್ಲ."

ಬಸ್ಸು ಮುಂದೆ ಸಾಗಿತು. ಈಗ ಅವನಿಗೆ ಸ್ಪಷ್ಟವಾಗಿ ಕಂಡಿತು. ಹೊಲದ ನಡುವೆ ಸಾಲಾಗಿ ನೆಟ್ಟ ಗುರುತಿನ ಕಲ್ಲುಗಳು, ಅವುಗಳ ನಡುವೆ ಕೆಂಪಾಗಿ ತುಂಬಿ ಬಾಗಿದ ಗಿಡಗಳು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಬದು ದಾಟುತ್ತಿರುವ ಅವಳು. ಒಂದೊಂದು ಕಾಯಿಯೂ ಕಾಣುತ್ತಿತ್ತು. ಅವಳು ಕೂತಿದ್ದ ಜಾಗ ಇನ್ನೂ ಬೆಚ್ಚಗಿತ್ತು. ಆ ಜಾಗದ ಮೇಲೆ ಕೈಯಿಟ್ಟು ಅವನು, "ನನ್ನ ಅಕ್ಷರನ ರೀ ಅದು," ಅಂದ. ತುಸು ಗಟ್ಟಿಯಾಗಿಯೇ ಅಂದ.

ಮುಂದಿನಿಂದ ಬರುತ್ತಿದ್ದ ಕಂಡಕ್ಟರ್ ನಿಂತ. "ಏನಂದ್ರಿ ಅಜ್ಜಾರ?"

ವಿರೂಪಾಕ್ಷಪ್ಪ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. "ಏನಿಲ್ಲಪಾ. ಸ್ಟ್ಯಾಂಡ್ ಬಂತೇನು ಅಂದೆ."